ಆರಿಸುವ ಕೈ

ಕಲ್ಚರ್ ರೂಮಿನ ಬಾಗಿಲಲ್ಲಿ ಅಂಗೈ ಅಗಲದ ಒಂದು ಗಾಜು ಕೂರಿಸಿದ್ದರು. ಅದರಿಂದ ಇಣುಕಿದವರಿಗೆ ಸಾಮಾನ್ಯವಾಗಿ ಕಾಣುತ್ತಿದ್ದುದು ಒಂದು ಬೆನ್ನು: ನೀಲಿ ಗೌನು, ಕಿವಿಯವರೆಗೂ ಎಳೆದ ಬಟ್ಟೆಯ ಟೊಪ್ಪಿ, ಅಲುಗಾಡದ ಭುಜ. ಭುಜದ ಆಚೆ ಸ್ಪಿರಿಟ್ ದೀಪದ ಸಣ್ಣ ಉರಿ. ಬಾಗಿಲು ತಟ್ಟಿದರೆ ಆ ಬೆನ್ನು ತಿರುಗುತ್ತಿರಲಿಲ್ಲ. ಕೈಯಲ್ಲಿದ್ದ ಬಾಟಲಿಯ ಬಾಯನ್ನು ಉರಿಗೆ ತೋರಿಸಿ, ಮುಚ್ಚಿ, ಪಕ್ಕಕ್ಕಿಟ್ಟ ಮೇಲೆಯೇ, "ಯಾರದು? ಮೊದಲು ಚಪ್ಪಲಿ ಬಿಡಿ" ಎಂಬ ಮಾತು ಬರುತ್ತಿತ್ತು. ಸಂಸ್ಥೆಯ ಮುಖ್ಯಸ್ಥರಿಗೂ ಅದೇ ಮಾತು, ಬಲ್ಬು ಬದಲಿಸಲು ಬಂದವನಿಗೂ ಅದೇ ಮಾತು.

ಅವರನ್ನು ಎಲ್ಲರೂ ಬೆಣ್ಣೆ ಅಕ್ಕ ಎನ್ನುತ್ತಿದ್ದರು. ಹೆಸರಿಟ್ಟವರು ಮೇಷ್ಟ್ರು, ಅಂದರೆ ಆ ಸಂಸ್ಥೆಯನ್ನು ಕಟ್ಟಿದ ಸಸ್ಯವಿಜ್ಞಾನಿ. ಅಕ್ಕ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ಒಂದು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗಿನ ಬೆಳ್ಳನೆಯ ಗಂಟನ್ನು ತೋರಿಸಿ, "ಇದು ಗಂಟಲ್ಲಮ್ಮ, ಬೆಣ್ಣೆ" ಎಂದಿದ್ದರು. ಅಂದು ಅಂಟಿಕೊಂಡ ಹೆಸರು ಹಾಗೇ ಉಳಿಯಿತು.

ಕೆಲಸ ಇಷ್ಟು. ಒಂದು ಕಾಡುಬಳ್ಳಿಯ ಬೇರಿನಲ್ಲಿ ವಿಪರೀತ ಕಹಿಯಾದ ಪದಾರ್ಥವೊಂದಿದೆ. ಕೀಲುಗಳ ಊತಕ್ಕೆ ಅದು ಒಳ್ಳೆಯ ಔಷಧಿ. ಆದರೆ ಬೇರು ಅಗೆದರೆ ಬಳ್ಳಿ ಸಾಯುತ್ತದೆ, ಅಗೆದು ಅಗೆದು ಬಳ್ಳಿ ಕಣ್ಣಿಗೆ ಬೀಳುವುದೇ ಅಪರೂಪವಾಗಿತ್ತು. ಬಳ್ಳಿಯೇ ಬೇಡ, ಬೇರಿನ ಕೋಶಗಳನ್ನಷ್ಟೇ ಬಾಟಲಿಯಲ್ಲಿ ಬೆಳೆಸಿ ಅವುಗಳಿಂದ ಕಹಿಯನ್ನು ತೆಗೆಯೋಣ ಎಂಬುದು ಮೇಷ್ಟ್ರ ಯೋಚನೆ. ಸಕ್ಕರೆ, ಲವಣ, ಬೆಳೆಯುವಂತೆ ಪ್ರಚೋದಿಸುವ ಹಾರ್ಮೋನು ಬೆರೆಸಿದ ಅಗರ್ ಎಂಬ ಲೋಳೆಯ ಮೇಲೆ ಬೇರಿನ ಒಂದು ಚೂರನ್ನಿಟ್ಟರೆ, ಅದು ತಾನು ಬೇರೆಂಬುದನ್ನೇ ಮರೆತು, ಬೇರೂ ಅಲ್ಲದ ಎಲೆಯೂ ಅಲ್ಲದ ಆಕಾರವಿಲ್ಲದ ಗಂಟಾಗಿ ಉಬ್ಬುತ್ತದೆ. ಬಾಟಲಿಯೊಳಗಿನ ಆಹಾರ ತೀರುವ ಹೊತ್ತಿಗೆ ಆ ಗಂಟನ್ನು ಮುರಿದು, ತುಣುಕುಗಳನ್ನು ಹೊಸ ಬಾಟಲಿಗಳಿಗೆ ಹಾಕಬೇಕು. ಹೀಗೆ ತಿಂಗಳಿಗೊಮ್ಮೆ, ವರ್ಷವಿಡೀ, ಬಿಡುವಿಲ್ಲದೆ. ಮುಚ್ಚಳ ತೆಗೆದ ಆ ಎರಡು ಕ್ಷಣದಲ್ಲಿ ಗಾಳಿಯಿಂದ ಒಂದು ಬೂಷ್ಟಿನ ಕಣ ಬಿದ್ದರೆ ಬಾಟಲಿ ಮುಗಿಯಿತು. ಬೆಣ್ಣೆ ಅಕ್ಕನ ಬಾಟಲಿಗಳಿಗೆ ಬೂಷ್ಟು ಹಿಡಿದದ್ದನ್ನು ಕಂಡವರು ಕಡಿಮೆ.

ಒಂದೇ ಗಂಟಿನಲ್ಲಿ ಎಲ್ಲ ಭಾಗವೂ ಒಂದೇ ತೆರನಾಗಿರುವುದಿಲ್ಲ. ಒಂದು ಕಡೆ ಬೆಳ್ಳಗೆ, ಮೆತ್ತಗೆ, ದಿನದಿನಕ್ಕೆ ಉಬ್ಬುತ್ತ ಇರುತ್ತದೆ. ಇನ್ನೊಂದು ಕಡೆ ಕಂದು ಬಣ್ಣ, ಮರಳಿನಂತೆ ಗಟ್ಟಿ, ಬೆಳೆಯಲು ಮೊಂಡು. ಮೇಷ್ಟ್ರು ಮೊದಲ ದಿನವೇ ಹೇಳಿದ್ದರು: "ಬೆಳ್ಳಗಿರೋದು ಇಟ್ಕೋ, ಕಂದಾಗಿದ್ದು ಬಿಸಾಕು. ಅದು ಮುದಿಯಾಗಿರೋದು." ಅಕ್ಕನಿಗೆ ಅದು ವೇದವಾಕ್ಯವಾಯಿತು. ಇಕ್ಕಳದ ತುದಿಯಿಂದ ಗಂಟನ್ನು ಬಿಡಿಸಿ, ಹೂ ಬಿಡಿಸಿದಷ್ಟು ಹಗುರವಾಗಿ ಬೆಳ್ಳಗಿನದನ್ನು ಎತ್ತಿಕೊಂಡು, ಕಂದು ಚೂರುಗಳನ್ನು ಕಸದ ತಟ್ಟೆಗೆ ತಳ್ಳುತ್ತಿದ್ದರು. ಹೊಸಬರಿಗೆ ಕಲಿಸುವಾಗ ಇಷ್ಟೇ ಹೇಳುತ್ತಿದ್ದರು: "ಕೈ ಯಾರಿಗಾದ್ರೂ ಬರುತ್ತೆ. ಕಣ್ಣು ಬರಬೇಕು."

ಯಾವ ತಳಿಯನ್ನೂ ಒಂದೇ ಕೋಣೆಯಲ್ಲಿ ಇಡಬಾರದು ಎಂಬುದು ಅಲ್ಲಿಯ ಕಟ್ಟಳೆ. ವಿದ್ಯುತ್ ಹೋಗಬಹುದು, ಬೂಷ್ಟು ನುಗ್ಗಬಹುದು. ಆದ್ದರಿಂದ ಮೇಲಿನ ಮಹಡಿಯಲ್ಲಿ ಅಕ್ಕನ ಮುಖ್ಯ ಸಾಲು, ಕೆಳಗಿನ ಕೋಣೆಯಲ್ಲಿ ಅದರ ಜೋಡಿ ಸಾಲು. ಕೆಳಗಿನದನ್ನು ನೋಡಿಕೊಳ್ಳುತ್ತಿದ್ದವನು ಅಕ್ಕನ ತಂಗಿಯ ಗಂಡ. ಕೆಲಸ ಕೊಡಿಸಿದವರೂ ಅಕ್ಕನೇ. ಏನು ಕೇಳಿದರೂ "ನಾಳೆ ಮಾಡಿದ್ರಾಯ್ತು" ಎನ್ನುತ್ತಿದ್ದುದರಿಂದ ಅವನಿಗೆ ನಾಳೆರಾಯ ಎಂಬ ಬಿರುದು. ಅವನಿಗೆ ಅದರಿಂದ ಬೇಸರವೂ ಇರಲಿಲ್ಲ. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ, ಯಾವ ಮಾತೂ ಅವನಿಗೆ ತಾಗುತ್ತಿರಲಿಲ್ಲ.

ಮೂವರೂ ಒಂದೇ ಮನೆಯಲ್ಲಿದ್ದರು. ಅಂಗಡಿಯೊಂದರ ಮೇಲಿನ ಎರಡು ಕೋಣೆ, ನಡುವೆ ಅಡುಗೆಗೆ ಒಂದು ಓಣಿಯಷ್ಟು ಜಾಗ. ಮುಂದಿನ ಕೋಣೆಯಲ್ಲಿ ತಂಗಿಯ ಹೊಲಿಗೆ ಯಂತ್ರ, ಅದರ ಸುತ್ತ ಊರವರ ರವಿಕೆ, ಷರಟು. ಅಕ್ಕ ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, "ಬಾಟಲಿಗಳನ್ನ ಯಾರು ನೋಡ್ಕೋತಾರೆ?" ಎಂದು ನಗುತ್ತಿದ್ದರು. ಮೊದಮೊದಲು ಅದು ತಮಾಷೆಯಾಗಿತ್ತು.

"ಅತ್ತಿಗೆ, ನಿಮ್ಮ ಗಂಟುಗಳನ್ನ ಮುಂದಿನ ವರ್ಷ ಸ್ಕೂಲಿಗೆ ಸೇರಿಸ್ಬೇಕಲ್ಲ" ಎಂದು ನಾಳೆರಾಯ ಊಟಕ್ಕೆ ಕುಳಿತಾಗ ಛೇಡಿಸುತ್ತಿದ್ದ.

"ನಿನ್ನವನ್ನ ಮೊದಲು ಆಸ್ಪತ್ರೆಗೆ ಸೇರಿಸು" ಎನ್ನುತ್ತಿದ್ದರು ಅಕ್ಕ. "ಇವತ್ತು ಕೆಳಗೆ ಬಂದಿದ್ದೆ. ಅರ್ಧಕ್ಕೆ ಬೂಷ್ಟು. ಉಳಿದಿದ್ದು ಕಾಫಿಪುಡಿ ಥರ ಕಂದು. ಬೆಳ್ಳಗಿರೋದನ್ನ ಆರಿಸಿ ಹಾಕು ಅಂತ ಎಷ್ಟು ಸಲ ಹೇಳೋದು?"

"ಎಲ್ಲ ಒಂದೇ ಬಳ್ಳಿ ಮಕ್ಕಳಲ್ವಾ? ಇಕ್ಕಳಕ್ಕೆ ಯಾವುದು ಸಿಗುತ್ತೋ ಅದು ಹೋಗುತ್ತೆ. ನಾನು ಭೇದ ಮಾಡಲ್ಲ."

"ಭೇದ ಮಾಡಲ್ಲವಂತೆ. ನೋಡೋಕೆ ಸೋಮಾರಿತನ ಅನ್ನು."

"ಊಟ ಮಾಡೋವಾಗ ಬೂಷ್ಟಿನ ಮಾತು ಬೇಡ" ಎಂದು ತಂಗಿ ಇಬ್ಬರ ಬಾಯನ್ನೂ ಮುಚ್ಚಿಸುತ್ತಿದ್ದಳು.

ಮೇಷ್ಟ್ರು ನಿವೃತ್ತರಾದರು. ಅವರ ಕಾಲದಲ್ಲಿ, ಆರಂಭದ ವರ್ಷಗಳಲ್ಲಿ, ಗಂಟಿನಲ್ಲಿ ಕಹಿ ಎಷ್ಟಿದೆ ಎಂದು ಅಳೆದಿದ್ದರು. ಬೇಕಾದಷ್ಟಿತ್ತು. ಆ ಮೇಲೆ ಎಲ್ಲರ ಗಮನ ಬೆಳವಣಿಗೆಯ ಮೇಲೆ ಹೋಯಿತು: ಎಷ್ಟು ಬೇಗ ಬೆಳೆಯುತ್ತದೆ, ಒಣಗಿಸಿದರೆ ಎಷ್ಟು ತೂಗುತ್ತದೆ. ತೂಕ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಮಧ್ಯೆ ಒಮ್ಮೆ ಯಾರೋ ಕಹಿ ಅಳೆದಾಗ ಕಡಿಮೆ ಬಂದಿತ್ತು. ಯಂತ್ರ ಹಳೆಯದು, ಅದರ ಲೆಕ್ಕ ನಂಬುವ ಹಾಗಿಲ್ಲ ಎಂದು ಬಿಟ್ಟರು. ಗಂಟು ಚೆನ್ನಾಗಿ ಬೆಳೆಯುತ್ತಿದೆಯೆಂದ ಮೇಲೆ ಎಲ್ಲವೂ ಚೆನ್ನಾಗಿದೆ ಎಂದು ತಿಳಿಯುವುದು ಸುಲಭ. ಮಗು ದಪ್ಪಗಿದೆಯೆಂದರೆ ಆರೋಗ್ಯವಾಗಿದೆ ಎನ್ನುವುದಿಲ್ಲವೇ, ಹಾಗೆ.

ಹೊಸದಾಗಿ ಬಂದ ಮುಖ್ಯಸ್ಥೆ ರಸಾಯನಶಾಸ್ತ್ರದವರು. ಮಿತಭಾಷಿ. ಅವರನ್ನು ಎಲ್ಲರೂ ಬರೀ ಮೇಡಂ ಎನ್ನುತ್ತಿದ್ದರು. ಅವರು ಬಂದ ವರ್ಷವೇ ಔಷಧಿ ಕಂಪನಿಯೊಂದು ಈ ಕಹಿಯನ್ನು ತಯಾರಿಸಲು ಒಪ್ಪಿಕೊಂಡು, ಹಿಂದಿನ ಶೆಡ್ಡಿನಲ್ಲಿ ಎರಡಾಳೆತ್ತರದ ಉಕ್ಕಿನ ಟ್ಯಾಂಕು ನಿಲ್ಲಿಸಿತು. ಗಂಟಿನ ಕೋಶಗಳನ್ನು ಮೊದಲು ದ್ರವದಲ್ಲಿ, ಅಲುಗಾಡುವ ಫ್ಲಾಸ್ಕುಗಳಲ್ಲಿ ಹೆಚ್ಚಿಸಿ, ಕೊನೆಗೆ ಆ ಟ್ಯಾಂಕಿಗೆ ಸುರಿಯಬೇಕು.

ಅಕ್ಕನ ನಿವೃತ್ತಿಗೆ ಸ್ವಲ್ಪವೇ ಕಾಲ ಉಳಿದಿತ್ತು. ತಮ್ಮ ಕೈಯಿಂದ ಬೆಳೆದ ಸಾಲನ್ನು ತಮ್ಮ ಕೈಯಿಂದಲೇ ಆ ಟ್ಯಾಂಕಿಗೆ ಸುರಿಯಬೇಕು ಎಂಬುದು ಅವರ ಒಂದೇ ಆಸೆ. ಊಟದ ಬಿಡುವಿನಲ್ಲಿ ಹೋಗಿ ಟ್ಯಾಂಕಿನ ಬಾಯಿ, ನಳಿಕೆ, ಗಾಳಿಯ ಕೊಳವೆ ಎಲ್ಲವನ್ನೂ ನೋಡಿಕೊಂಡು ಬರುತ್ತಿದ್ದರು. ಮನೆಯಲ್ಲಿ ಆ ಮಾತೇ. "ಹೆಣ್ಣು ಕೊಟ್ಟ ಮನೆ ನೋಡೋಕೆ ಹೋದಂಗೆ ಹೋಗ್ತಾರೆ" ಎಂದು ನಾಳೆರಾಯ ಹೆಂಡತಿಯ ಕಿವಿಯಲ್ಲಿ ಹೇಳಿದ್ದು ಅವರಿಗೂ ಕೇಳಿಸಿತು. ಅವರು ನಕ್ಕರು.

ಆ ದಿನಗಳಲ್ಲೇ ಅವರು ಇನ್ನೊಂದು ಕೆಲಸವನ್ನೂ ಮಾಡಿದರು. ಕೆಳಗಿನ ಜೋಡಿ ಸಾಲು ಅವಮಾನವಾಗಿದೆ, ಕಂಪನಿಯವರ ಕಣ್ಣಿಗೆ ಬೀಳುವ ಮುಂಚೆ ಅದನ್ನು ಬಿಸಾಡಿ, ತಮ್ಮ ಸಾಲಿನಿಂದಲೇ ಹೊಸ ಜೋಡಿ ಮಾಡುವುದು ಒಳ್ಳೆಯದು ಎಂದು ಮೇಡಂಗೆ ಹೇಳಿ ಒಪ್ಪಿಸಿದರು. ನಾಳೆರಾಯನಿಗೆ ಆಜ್ಞೆಯಾಯಿತು. ಅವನು ತಲೆಯಾಡಿಸಿದ.

ಟ್ಯಾಂಕಿಗೆ ಸುರಿಯುವ ಮುಂಚೆ ಕಹಿಯನ್ನು ಅಳೆಯಲೇಬೇಕು ಎಂದು ಮೇಡಂ ಹಟ ಹಿಡಿದರು. ಹೊಸ ಯಂತ್ರದಲ್ಲಿ ತಾವೇ ಕುಳಿತು ಅಳೆದರು. ಪರದೆಯ ಮೇಲೆ ಕಹಿ ಇರಬೇಕಾದ ಜಾಗದಲ್ಲಿ ಗೆರೆ ಏಳಬೇಕಿತ್ತು. ಏಳಲಿಲ್ಲ. ಮತ್ತೆ ಅಳೆದರು. ಬೇರೆ ಬಾಟಲಿ ತರಿಸಿ ಅಳೆದರು. ಆ ಮೇಲೆ ಅಕ್ಕನನ್ನು ಕರೆದರು.

"ಕೂತ್ಕೊಳ್ಳಿ."

"ನಿಂತಿರ್ತೀನಿ ಮೇಡಂ. ಗೌನು ಹಾಕಿದೀನಿ, ಕುರ್ಚಿ ಮುಟ್ಟಿದ್ರೆ ಮತ್ತೆ ಬದಲಾಯಿಸ್ಬೇಕು."

"ನಿಮ್ಮ ಸಾಲಲ್ಲಿ ಕಹಿ ಇಲ್ಲ. ಇಲ್ಲ ಅನ್ನೋ ಅಷ್ಟು ಕಡಿಮೆ."

"ಯಂತ್ರ..."

"ಯಂತ್ರ ಸರಿಯಿದೆ. ಒಣಗಿದ ಬೇರಿನ ಪುಡಿ ಹಾಕಿ ನೋಡಿದೆ, ಗೆರೆ ಎದ್ದಿತು." ಮೇಡಂ ಮೇಜಿನ ಮೇಲಿದ್ದ ಬಾಟಲಿಯನ್ನು ತಿರುಗಿಸಿದರು. "ನೀವು ತುಣುಕು ಹೇಗೆ ಆರಿಸ್ತೀರಿ?"

ಅಕ್ಕ ಹೇಳಿದರು. ಹೇಳುವಾಗ ಅವರ ಕೈ ತಾನೇ ಇಕ್ಕಳ ಹಿಡಿದಂತೆ ಮಡಚಿತು.

ಮೇಡಂ ಬಾಟಲಿಯನ್ನು ಪಕ್ಕಕ್ಕಿಟ್ಟರು. "ಬೆಳೆಯೋ ಕೋಶಕ್ಕೆ ಕಹಿ ಮಾಡೋಕೆ ಬಿಡುವಿರಲ್ಲ. ಕಹಿ ಮಾಡೋದು ನಿಧಾನ ಬೆಳೆಯುತ್ತೆ, ಕಂದಾಗುತ್ತೆ, ಗಟ್ಟಿಯಾಗುತ್ತೆ. ಎಲ್ಲ ಗಿಡದಲ್ಲೂ ಹೀಗೇ ಅಂತಿಲ್ಲ. ಈ ಬಳ್ಳಿಯಲ್ಲಿ ಹೀಗೆ ಅಂತ ಕಾಣುತ್ತೆ."

"ಹಾಗಾದ್ರೆ ನಾನು ತಿಂಗಳು ತಿಂಗಳೂ ಬಿಸಾಡಿದ್ದು..."

ಮೇಡಂ ಸುಳ್ಳು ಹೇಳಿ ಅಭ್ಯಾಸವಿದ್ದವರಲ್ಲ. "ಹೌದು" ಎಂದರು. "ಅದನ್ನೇ."

ಕಂಪನಿಯವರು ಬಂದಾಗ ಪ್ರಶ್ನೆ ಎದ್ದಿತು: ಆರಿಸಿದ್ದು ಯಾರು? ಮೇಡಂ, "ತಾಂತ್ರಿಕ ಸಿಬ್ಬಂದಿ" ಎಂದರು. ಅದೂ ಸುಳ್ಳಲ್ಲ. ಸಭೆಯಲ್ಲಿದ್ದವರ ಕಣ್ಣುಗಳೆಲ್ಲ ಗೋಡೆಯ ಬಳಿ ನಿಂತಿದ್ದ ನೀಲಿ ಗೌನಿನ ಕಡೆಗೆ ಒಮ್ಮೆ ಹೋಗಿ, ಮರ್ಯಾದೆಗೆಂದು ಮತ್ತೆ ಕಾಗದಗಳಿಗೆ ಇಳಿದವು. ಬೆಳ್ಳಗಿರೋದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಆ ವಾರ ಕಟ್ಟಡದಲ್ಲಿ ಹೇಳದವರಿಲ್ಲ. ಉಗ್ರಾಣದವನು, "ಹಾಲಲ್ಲದಿದ್ರೂ ಬೆಣ್ಣೆ ಹೆಂಗೆ ಬಂತು ಅನ್ನೋದೇ ಆಶ್ಚರ್ಯ" ಎಂದು ಸೇರಿಸಿದ. ಜನ ನಕ್ಕರು. ಅದರಲ್ಲಿ ಅಕ್ಕನಿಂದಲೇ ಕೆಲಸ ಕಲಿತವರೂ ಇದ್ದರು.

ಭಾನುವಾರ ಅಕ್ಕ ಬಸ್ಸು ಹತ್ತಿ ಮೇಷ್ಟ್ರ ಮನೆಗೆ ಹೋದರು. ಮೇಷ್ಟ್ರು ವರಾಂಡದಲ್ಲಿ ಕುಂಡಗಳ ನಡುವೆ ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕುಳಿತಿದ್ದರು. ನೋಡಿ ನಿಜವಾಗಿಯೂ ಸಂತೋಷಪಟ್ಟರು. ಚಹಾ ತರಿಸಿದರು. ಅಕ್ಕ ನಡೆದದ್ದನ್ನೆಲ್ಲ ಹೇಳಿದರು.

"ಅಯ್ಯೋ ಪಾಪ" ಎಂದರು ಮೇಷ್ಟ್ರು. "ಆಗುತ್ತೆ. ಬೇರೆ ಕಡೆನೂ ಆಗಿದೆ ಇದು."

"ಮೇಷ್ಟ್ರೇ, ಕಂದಾಗಿದ್ದು ಬಿಸಾಕು ಅಂತ ನೀವೇ ಹೇಳಿದ್ರಿ. ಒಂದು ಮಾತು ಮೇಡಂಗೆ ಫೋನ್ ಮಾಡಿ ಹೇಳಿದ್ರೆ ಸಾಕು. ನನಗೆ ಬೇರೆ ಏನೂ ಬೇಡ."

ಮೇಷ್ಟ್ರು ಕಪ್ಪನ್ನು ಸಾಸರಿನ ಮೇಲೆ ಒಂದು ಸುತ್ತು ತಿರುಗಿಸಿದರು. "ನಾನು ಹಾಗೆ ಹೇಳಿದ್ನಾ? ಆರೋಗ್ಯವಾಗಿರೋದನ್ನ ಇಟ್ಕೋ ಅಂದಿರ್ತೀನಿ. ಸತ್ತಿರೋದನ್ನ ತೆಗಿ ಅಂದಿರ್ತೀನಿ. ಕಂದು, ಬಿಳಿ ಅಂತ ಬಣ್ಣ ಹೇಳಿರಲಾರೆ ನಾನು."

"ಕಿಟಕಿ ಹತ್ರ ನಿಂತು ಬೆಣ್ಣೆ ಅಂದ್ರಲ್ಲ."

"ಅದು ಮೆಚ್ಚಿಕೆ ಮಾತಮ್ಮ. ಅದು ಸೂಚನೆ ಅಲ್ಲ."

ಮೇಷ್ಟ್ರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಇನ್ನೂ ಎರಡು ಮಾತಾಡಿದರು, ಹೊರಡುವಾಗ ಗೇಟಿನವರೆಗೂ ಕುಂಟುತ್ತ ಬಂದರು. "ಮತ್ತೆ ಬಾ" ಎಂದರು. ಅವರು ಕೆಟ್ಟವರೇನಲ್ಲ. ತಮ್ಮ ಹೆಸರಿನ ಮೇಲೆ ನಿಂತ ಕಟ್ಟಡದಿಂದ ಒಂದು ಇಟ್ಟಿಗೆ ತೆಗೆಯಲು ಆ ವಯಸ್ಸಿನಲ್ಲಿ ಅವರಿಗೆ ಧೈರ್ಯ ಸಾಲಲಿಲ್ಲ.

ಸೋಮವಾರ ಮೇಡಂ, ಜೋಡಿ ಸಾಲಿನದೂ ಒಮ್ಮೆ ನೋಡಬೇಕಿತ್ತು ಎಂದರು. ಅದನ್ನು ಬಿಸಾಡಿಸಿದ್ದು ತಾವೇ ಎಂದು ನೆನಪಾಗಿ ಅಕ್ಕ ಮುಖ ತಗ್ಗಿಸಿದರು. ಆಗ ಬಾಗಿಲಲ್ಲಿ ನಿಂತಿದ್ದ ನಾಳೆರಾಯ ಕೆಮ್ಮಿದ.

"ಅದು... ಇದೆ ಮೇಡಂ."

"ಬಿಸಾಡು ಅಂತ ಹೇಳಿದ್ದೆವಲ್ಲ?"

"ಹೇಳಿದ್ರಿ. ಬಾಟಲಿ ತೊಳೆಯೋ ಜಾಗ ಖಾಲಿ ಇರಲಿಲ್ಲ. ನಾಳೆ ಮಾಡೋಣ ಅಂತ ಹಿಂದಿನ ಕಪಾಟಲ್ಲಿ ಇಟ್ಟೆ. ಇವತ್ತೇ ಬಿಸಾಡ್ತೀನಿ."

"ಮುಟ್ಟಬೇಡಿ" ಎಂದರು ಮೇಡಂ. ಅವರ ದನಿ ಏರಿದ್ದನ್ನು ಯಾರೂ ಅದುವರೆಗೆ ಕೇಳಿರಲಿಲ್ಲ.

ಬೂಷ್ಟು ಹಿಡಿಯದೆ ಉಳಿದಿದ್ದ ಬಾಟಲಿಗಳು ಕೆಲವೇ. ಒಳಗಿನ ಗಂಟು ನೋಡಲು ಅಸಹ್ಯ: ಅಲ್ಲಿ ಬಿಳಿ, ಇಲ್ಲಿ ಕಂದು, ಮಧ್ಯೆ ಹಸಿರು ಛಾಯೆ. ಯಂತ್ರದ ಪರದೆಯ ಮೇಲೆ ಕಹಿಯ ಗೆರೆ ನೆಟ್ಟಗೆ ಎದ್ದಿತು. ಆರಂಭದ ವರ್ಷಗಳಲ್ಲಿ ಅಳೆದದ್ದಕ್ಕಿಂತ ಕೊಂಚವೇ ಕಡಿಮೆ.

ಮೇಡಂ ನಾಳೆರಾಯನತ್ತ ತಿರುಗಿದರು. "ನೀವು ಯಾವ ಆಧಾರದ ಮೇಲೆ ಆರಿಸ್ತಿದ್ರಿ?"

ಇದು ಬೈಗುಳದ ಪೀಠಿಕೆ ಎಂದೇ ಅವನು ತಿಳಿದದ್ದು. "ಆರಿಸ್ಲಿಲ್ಲ ಮೇಡಂ. ಸುಳ್ಳು ಯಾಕೆ ಹೇಳ್ಲಿ. ಕಣ್ಣು ಹೊರಗೆ, ಇಕ್ಕಳ ಒಳಗೆ. ಸಿಕ್ಕಿದ್ದು ಹಾಕ್ದೆ. ಇನ್ಮೇಲೆ ಸರಿಯಾಗಿ ಮಾಡ್ತೀನಿ."

"ದಯವಿಟ್ಟು ಬೇಡ" ಎಂದರು ಮೇಡಂ.

ತಳಿ ಉಳಿಯಿತು. ಕಂಪನಿಯವರು ಒಪ್ಪಿದರು. ಕಾಗದಪತ್ರಗಳಲ್ಲಿ ಅದಕ್ಕೆ ಕೆಳಗಿನ ಕೋಣೆಯ ಸಾಲು ಎಂದು ಹೆಸರಾಯಿತು, ಉಸ್ತುವಾರಿ ನಾಳೆರಾಯನದಾಯಿತು. ಅಂದು ಸಂಜೆ ಮನೆಯಲ್ಲಿ ತಂಗಿಯ ಹೊಲಿಗೆ ಯಂತ್ರ ಎಂದಿಗಿಂತ ಮುಂಚೆ ನಿಂತಿತು. ಅವಳು ಗಂಡನ ತಟ್ಟೆಗೆ ಎರಡನೇ ಸಲ ಬಡಿಸುವಾಗ ಅಕ್ಕನ ಮುಖ ನೋಡಲಿಲ್ಲ.

"ಇವರಿಗೂ ಒಂದು ದಿನ ಬಂತಲ್ಲ ಅಕ್ಕ" ಎಂದಳು. "ಎಷ್ಟು ವರ್ಷ ಸೋಮಾರಿ ಅನ್ನಿಸ್ಕೊಂಡ್ರು."

"ಸೋಮಾರಿನೇ ಕಣೇ" ಎಂದ ನಾಳೆರಾಯ. "ಅದರಲ್ಲಿ ನಂದೇನೂ ಇಲ್ಲ ಅತ್ತಿಗೆ. ನಾನು ಏನೂ ಮಾಡ್ಲಿಲ್ಲ."

ಅವನು ಸಮಾಧಾನಕ್ಕೆಂದು ಆಡಿದ ಮಾತು. ಮತ್ತು ಅಕ್ಷರಶಃ ನಿಜ. ಅದಕ್ಕೇ ಅಕ್ಕ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದರು. ಅವನು ಜಾಣತನದಿಂದ ಗೆದ್ದಿದ್ದರೆ ಹೊಟ್ಟೆ ಉರಿದುಕೊಳ್ಳಬಹುದಿತ್ತು. ಮೋಸದಿಂದ ಗೆದ್ದಿದ್ದರೆ ಜಗಳ ಆಡಬಹುದಿತ್ತು. ಅವನು ನೋಡದೆ ಉಳಿಸಿದ್ದನ್ನು ತಾವು ಮೈಯೆಲ್ಲ ಕಣ್ಣಾಗಿ ಕಳೆದಿದ್ದರು. ಇದನ್ನು ಯಾರ ಮೇಲೆ ಹಾಕುವುದು? ತಟ್ಟೆ ತೆಗೆದುಕೊಂಡು ಎದ್ದರು.

"ಊಟ ಬಿಡ್ಬೇಡ ಅಕ್ಕ."

"ಹೊಟ್ಟೆ ತುಂಬಿದೆ" ಎಂದರು ಅಕ್ಕ.

ಉಳಿದ ಕೆಲವೇ ಬಾಟಲಿಗಳಿಂದ ಟ್ಯಾಂಕಿಗೆ ಬೇಕಾದಷ್ಟು ಕೋಶ ಬೆಳೆಸಬೇಕು. ನಾಳೆರಾಯನ ಕೈಗೆ ಕೊಟ್ಟರೆ ಅರ್ಧ ಬೂಷ್ಟಿಗೆ ಹೋಗುವುದು ಖಂಡಿತ. ಮೇಡಂ ಯೋಚಿಸಿ, ಬಾಟಲಿಗಳನ್ನು ಮೇಲೆ ತರಿಸಿ, ಅಕ್ಕನ ಮುಂದಿಟ್ಟರು. "ನಿಮ್ಮಷ್ಟು ಶುದ್ಧವಾದ ಕೈ ಇಲ್ಲಿ ಇನ್ನೊಂದಿಲ್ಲ. ನೀವೇ ಮಾಡಿ. ಒಂದೇ ಮಾತು: ಆರಿಸಬೇಡಿ. ಗಂಟು ಇಡಿಯಾಗಿ ಮುರಿದು, ಬಿಳಿ ಕಂದು ಎಲ್ಲವನ್ನೂ ಹಾಕಿ." ಬಾಗಿಲವರೆಗೆ ಹೋಗಿ ತಿರುಗಿ, "ಟ್ಯಾಂಕಿಗೂ ನೀವೇ ಸುರಿಯಿರಿ" ಎಂದರು. ತಾಂತ್ರಿಕ ಸಿಬ್ಬಂದಿ ಎಂದು ಸಭೆಯಲ್ಲಿ ಆಡಿದ ಆ ಎರಡು ಪದಗಳು ಅವರನ್ನೂ ಚುಚ್ಚಿದ್ದಿರಬೇಕು.

ಅಕ್ಕ ದೀಪ ಹಚ್ಚಿದರು. ಕೈಗೆ ಸ್ಪಿರಿಟ್ ಉಜ್ಜಿಕೊಂಡರು. ಇಕ್ಕಳವನ್ನು ಉರಿಗೆ ಹಿಡಿದು, ತಣ್ಣಗಾದ ಮೇಲೆ ಮೊದಲ ಗಂಟನ್ನು ಮುರಿದರು. ಬಿಳಿ, ಕಂದು, ಎಲ್ಲವನ್ನೂ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ತುಣುಕುಗಳನ್ನು ಹಾಕುತ್ತ ಹೋದರು. ಕೆಲಸ ಎಂದಿನ ಲಯಕ್ಕೆ ಬಂತು. ಮಧ್ಯಾಹ್ನದ ಹೊತ್ತಿಗೆ ಬಾಟಲಿಗಳ ಒಂದು ಸಾಲು ಮುಗಿಯಿತು.

ಅವನ್ನು ಎತ್ತಿ ಕಪಾಟಿಗೆ ಇಡುವ ಮುಂಚೆ ಬೆಳಕಿಗೆ ಹಿಡಿದು ನೋಡಿದರು. ಮೊದಲಿನ ನಾಲ್ಕೈದು ಬಾಟಲಿಗಳಲ್ಲಿ ಕಂದು ಚೂರುಗಳಿದ್ದವು. ಆ ಮೇಲಿನವುಗಳಲ್ಲಿ ಕಡಿಮೆ. ಕೊನೆಯವುಗಳಲ್ಲಿ ಬರೀ ಬಿಳಿ. ಕಸದ ತಟ್ಟೆಯ ಅಂಚಿನಲ್ಲಿ ಕಂದು ಚೂರುಗಳು ಅಚ್ಚುಕಟ್ಟಾಗಿ ಒಂದು ಗುಡ್ಡೆಯಾಗಿದ್ದವು. ಅವನ್ನು ಅಲ್ಲಿಗೆ ತಳ್ಳಿದ್ದು ಯಾವಾಗ ಎಂದು ಅವರಿಗೆ ನೆನಪಿರಲಿಲ್ಲ.

ಮತ್ತೆ ಒಂದು ಗಂಟು ತೆಗೆದುಕೊಂಡರು. ಈ ಸಲ ಕಣ್ಣಿಟ್ಟು, ಪ್ರತಿ ತುಣುಕನ್ನೂ ಗಮನಿಸುತ್ತ ಹಾಕಿದರು. ಬೇಕೆಂದೇ ಕಂದನ್ನು ಎತ್ತಿದರು. ಅದೂ ಆರಿಸಿದಂತೆಯೇ ಆಯಿತು. ನೋಡಿದರೆ ಒಂದು ತಪ್ಪು, ನೋಡದಿದ್ದರೆ ಇನ್ನೊಂದು. ಕಣ್ಣು ಮುಚ್ಚಿಕೊಂಡು ಮಾಡೋಣವೆಂದರೆ ಉರಿಯ ಮುಂದೆ ಕಣ್ಣು ಮುಚ್ಚುವ ಹಾಗಿಲ್ಲ. ಇಕ್ಕಳವನ್ನು ಕೆಳಗಿಟ್ಟರು. ಗಾಳಿ ಸೋಸುವ ಯಂತ್ರ ಗುಂಯ್‌ಗುಡುತ್ತಿತ್ತು.

ಆ ಮೇಲೆ ಕೆಳಗೆ ಹೋಗಿ ನಾಳೆರಾಯನನ್ನು ಕರೆತಂದರು.

"ಕೂತ್ಕೋ. ನೀನೇ ಮಾಡು."

"ಅತ್ತಿಗೆ, ನನ್ನ ಕೈ ಕೊಳಕು ಅಂತ ನೀವೇ..."

"ಕೊಳಕು ತೊಳೆದ್ರೆ ಹೋಗುತ್ತೆ. ಮೊಣಕೈವರೆಗೂ ತೊಳಿ. ನಾನು ಹೇಳೋವರೆಗೂ ತೊಳಿ."

"ಟ್ಯಾಂಕಿಗೆ ನೀವು ಸುರೀಬೇಕು ಅಂತ ಮೇಡಂ ಹೇಳಿದ್ರಂತೆ?"

"ಮೇಡಂಗೆ ನಾನು ಹೇಳ್ತೀನಿ. ಉಗುರು ತೋರಿಸು."

ಅವನು ಉಗುರು ತೋರಿಸಿದ. ಅವರು ಕತ್ತರಿ ಕೊಟ್ಟರು. ಅವನು ಕುಳಿತು ಕೆಲಸ ಶುರುಮಾಡಿದ. ಅಕ್ಕ ಹಿಂದೆ ನಿಂತು ಅವನ ತೋಳು ಉರಿಯ ಆಚೆ ಚಾಚದಂತೆ, ಮುಚ್ಚಳ ಮೇಜಿಗೆ ತಾಗದಂತೆ ಮಾತ್ರ ನೋಡಿಕೊಂಡರು. ಗಂಟನ್ನು ಅವನು ಒರಟಾಗಿ ಮುರಿಯುವಾಗ ಮುಖ ತಿರುಗಿಸಿ ಗೋಡೆ ನೋಡಿದರು. ತಾವು ಬೆಳಗ್ಗೆ ತುಂಬಿದ ಬಾಟಲಿಗಳಲ್ಲಿ ಬರೀ ಬೆಳ್ಳಗಿದ್ದವನ್ನೆಲ್ಲ ಬೇರ್ಪಡಿಸಿ ಕ್ರಿಮಿ ಕೊಲ್ಲುವ ಆಟೋಕ್ಲೇವಿನ ಹಬೆಗೆ ಹಾಕಿದರು. ಮೇಲಿನ ಸಾಲಿನ ಹಳೆಯ ಬಾಟಲಿಗಳನ್ನೂ ಅವರೇ ಹಾಕಿದರು. ಯಾರೂ ಹಾಕಿ ಎಂದು ಹೇಳಿರಲಿಲ್ಲ. ಹೊರತೆಗೆದಾಗ ಬೆಣ್ಣೆಯಂಥ ಗಂಟುಗಳೆಲ್ಲ ಬೆಂದು ಕಂದಾಗಿದ್ದವು.

ಟ್ಯಾಂಕಿಗೆ ಸುರಿಯುವ ದಿನ ಕಂಪನಿಯವರು, ಮೇಡಂ, ಉಗ್ರಾಣದವನು, ಎಲ್ಲರೂ ಶೆಡ್ಡಿನಲ್ಲಿ ಸೇರಿದ್ದರು. ಏಣಿಯ ಮೇಲೆ ನಾಳೆರಾಯ, ಹೊಸ ಗೌನಿನಲ್ಲಿ. ಅವನು ಒಂದು ಸಲ ಕೆಳಗೆ ನೋಡಿ, "ಅತ್ತಿಗೆ, ಬನ್ನಿ, ನೀವೇ" ಎಂದ. ಅಕ್ಕ ತಲೆಯಾಡಿಸಿ ಬೇಡವೆಂದರು. ಆದರೆ ನಳಿಕೆಯ ಬಾಯಿಗೆ ಉರಿ ಹಿಡಿಯಲು ಒಬ್ಬರು ಬೇಕಿತ್ತು, ಅದಕ್ಕೆ ಹತ್ತಿದರು. ಅವನು ಫ್ಲಾಸ್ಕನ್ನು ಬಗ್ಗಿಸಿದ. ಕೆಸರಿನಂಥ ದ್ರವ ಗುಟುಕು ಗುಟುಕಾಗಿ ಒಳಗಿಳಿಯಿತು.

"ಕೈ ಅಲುಗಾಡಿಸ್ಬೇಡ" ಎಂದರು ಅಕ್ಕ. "ನಿಧಾನ. ಇನ್ನೂ ಇದೆ."